ತಿಮ್ಮಜ್ಜನ ಅಪ್ಪೆ ಹುಡುಕಿದ ವರ್ಷ

ನಮ್ಮ ಪಕ್ಕದ ಮನೆಯ ಇಮ್ತಿಯಾಜ್ ಕರಾವಳಿಯ ಗೇರುಬೀಜ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದಾನೆ. ಸೀಸನ್ ಬಂತೆಂದರೆ ಬೀಜ ಖರೀದಿಗೆ ನೈಜೀರಿಯಾಕ್ಕೆ ಹೋಗುತ್ತಾನೆ. ಈ ಸಲ ಲಾಗೋಸಿನ ಸಂತೆಯಿಂದ ನನಗೊಂದು ಹಣ್ಣಿನ ಫೋಟೋ ಕಳಿಸಿದ. ದುಂಡಗೆ ಕಿತ್ತಳೆ ಬಣ್ಣದ ಹಣ್ಣು, ಹೆಚ್ಚಿದರೆ ಒಳಗೆ ಹೊಳೆಯುವ ಕಂದು ಬೀಜಗಳು. ಜೊತೆಗೆ ಅವನ ದನಿ.

"ಬಸಣ್ಣ ಕಾಕಾ, ಇದರ ಹೆಸರೇ ಸಿಗ್ತಾ ಇಲ್ಲ. ಮಾರೋ ಹೆಂಗಸು ಯೊರುಬಾದವಳು, ಅಗ್ಬಲುಮೊ ಅಂದ್ಲು. ನಮ್ಮ ಗೋದಾಮಿನ ಹುಡುಗ ಇಗ್ಬೊದವನು, ಉದಾರಾ ಅಂದ. ಲಾರಿ ಡ್ರೈವರ್ ಹೌಸಾ ಮಾತಾಡ್ತಾನೆ, ಅಗ್ವಲುಮಾ ಅಂದ. ಹಿಂದೆ ಘಾನಾಕ್ಕೆ ಹೋದಾಗ ಇದನ್ನೇ ಅಲಾಸಾ ಅಂತ ಕೊಟ್ಟಿದ್ರು. ಎಲ್ಲಾ ಒಂದೇನಾ ಅಂದ್ರೆ ಗೋದಾಮಿನವನು ಒಪ್ಪಲ್ಲ, ಉದಾರಾ ಬೇರೆ, ಅದು ಸಿಹಿ ಅಂತಾನೆ. ಹೆಂಗಸು ಎರಡೂ ಒಂದೇ, ಅವನಿಗೆ ಆರಿಸಾಕೆ ಬರಲ್ಲ ಅಂತ ಬೈತಾಳೆ. ನೀವು ಇಡೀ ಜನ್ಮ ಹಣ್ಣಿನ ಗಿಡದಲ್ಲೇ ಕಳೆದೋರು. ಯಾವುದು ಸರಿ ಹೇಳಿ."

ನಾನೇನು ಹೇಳಲಿ? ಶಿರಸಿಯ ಸರ್ಕಾರಿ ನರ್ಸರಿಯಲ್ಲಿ ಕಸಿ ಕಟ್ಟುವ ಕೆಲಸಕ್ಕೆ ಸೇರಿದ ದಿನ ನನಗೆ ಹಿಡಿದ ಗೊಂದಲವೇ ಅದು. ನಿವೃತ್ತಿಯಾಗಿ ಮನೆಯಲ್ಲಿ ಕೂತಿದ್ದೇನೆ, ಇನ್ನೂ ಬಿಟ್ಟಿಲ್ಲ. ಈಗ ನರ್ಸರಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬಂದು, "ಸರ್, ಕೆಲಸದಲ್ಲಿ ಕಷ್ಟ ಯಾವುದು?" ಎಂದು ಕೇಳುತ್ತಾರೆ. ಕಸಿ ಕಟ್ಟುವುದು ಒಂದು ಮಳೆಗಾಲದಲ್ಲಿ ಕೈಗೆ ಬರುತ್ತದೆ ಮಕ್ಕಳೇ. ಯಾವ ಮರದಿಂದ ಕಟ್ಟುತ್ತಿದ್ದೇನೆ ಎಂದು ತಿಳಿಯುವುದಿದೆಯಲ್ಲ, ಕಷ್ಟ ಅದು. ನನ್ನ ಕೊನೆಯ ಸೀಸನ್ನಿನಲ್ಲಿ ಸೋಂದಾ ಕಡೆಯ ಒಬ್ಬ ಅಜ್ಜಿ ತನ್ನ ಸತ್ತುಹೋದ ಮಾವಿನ ಮರವನ್ನು ಹುಡುಕಿಕೊಡು ಎಂದು ಬಂದು ಕೂತರು. ಆ ಕಥೆ ಹೇಳಿದರೆ ಉಳಿದದ್ದೆಲ್ಲ ಅದರಲ್ಲೇ ಬರುತ್ತದೆ.

ಮೊದಲು ನನ್ನ ಅಜ್ಞಾನ ಎಷ್ಟೆಂದು ಹೇಳಿಬಿಡುತ್ತೇನೆ. ನಾನು ಬನವಾಸಿ ಕಡೆಯವನು. ನಮ್ಮಲ್ಲಿ ಮಾವಿನಕಾಯಿ ಅಂದರೆ ಮಾವಿನಕಾಯಿ, ಅಷ್ಟೆ. ಈ ಕಡೆ ಬಂದರೆ ಉಪ್ಪಿನಕಾಯಿಗೆ ಹಾಕುವ ಎಳೆಯ ಮಿಡಿಗೇ ಒಂದು ಲೋಕವಿದೆ. ತೊಟ್ಟು ಮುರಿದರೆ ಘಮ್ಮೆನ್ನುವ ಹುಳಿಮಾವಿಗೆ ಅಪ್ಪೆ ಅನ್ನುತ್ತಾರೆ. ಒಂದೊಂದು ಅಪ್ಪೆ ಮರಕ್ಕೂ ಒಂದೊಂದು ಹೆಸರು. ಒಂದರ ಸೊನೆ ಜೀರಿಗೆಯ ವಾಸನೆ, ಇನ್ನೊಂದರದು ಕರ್ಪೂರ. ಹೋಗಲಿ, ಮರಕ್ಕೊಂದು ಹೆಸರಿದ್ದರೆ ಪಾಠ ಮಾಡಿಕೊಳ್ಳಬಹುದಿತ್ತು. ಇಲ್ಲಿಯ ಪದ್ಧತಿ ಏನೆಂದರೆ, ಒಬ್ಬರ ಮರದಿಂದ ಕಸಿ ಕಡ್ಡಿ ತಂದು ಗಿಡ ಮಾಡಿದರೆ ಆ ಹೊಸ ಗಿಡವನ್ನು ಕಡ್ಡಿ ಕೊಟ್ಟವರ ಹೆಸರಿನಿಂದ ಕರೆಯುತ್ತಾರೆ. ಅಲ್ಲಿಂದ ಮೂರನೆಯವರು ಒಯ್ದರೆ ಮತ್ತೆ ಹೆಸರು ಬದಲು. ಶಿರಸಿಯಲ್ಲಿ ಯಾರೋ ಹೆಗಡೆಯವರ ಹೆಸರಿನಲ್ಲಿರುವ ಮರ ಸಿದ್ದಾಪುರಕ್ಕೆ ಹೋದರೆ ಅವರ ಭಾವನ ಹೆಸರು ಹೊತ್ತಿರುತ್ತದೆ, ಯಲ್ಲಾಪುರದಲ್ಲಿ ಊರಿನ ಹೆಸರು. ಮೂಲ ಮರ ಇರುವ ಮನೆಯಲ್ಲಿ ಕೇಳಿದರೆ, "ಅದಾ? ಕೊಟ್ಟಿಗೆ ಹಿಂದಿನ ಮರ," ಅಷ್ಟೇ ಉತ್ತರ.

ನಮ್ಮ ಸಾಹೇಬರು ಹೊರಗಿನ ಜಿಲ್ಲೆಯಿಂದ ಬಂದವರು, ಶಿಸ್ತಿನ ಮನುಷ್ಯ. ಈ ಗೊಂದಲ ನೋಡಿ ಅವರಿಗೆ ತಲೆ ಚಿಟ್ಟುಹಿಡಿಯಿತು. "ಹೆಸರೇ ಬೇಡ, ನಂಬರು ಹಾಕೋಣ," ಎಂದರು. ತಗಡಿನ ಬಿಲ್ಲೆ ಮಾಡಿಸಿ ಮೂರು ತಾಲೂಕಿನ ಮರಗಳಿಗೆ ಕಟ್ಟಿಸಿದರು. ಹೊಳೆಯುವ ಬಿಲ್ಲೆ ಕಂಡರೆ ಮಂಗ ಬಿಡುತ್ತದೆಯೇ? ಕೆಲವನ್ನು ಕಿತ್ತು ಎಸೆದವು, ಕೆಲವನ್ನು ಒಂದು ಮರದಿಂದ ಒಯ್ದು ಇನ್ನೊಂದು ಮರದ ಕವಲಿನಲ್ಲಿ ಇಟ್ಟವು. ಮರುವರ್ಷ ಸಾಹೇಬರು ನಂಬರು ಹಿಡಿದು ಹೊರಟರೆ ಹಲಸಿನ ಮರದಲ್ಲಿ ಅಪ್ಪೆಯ ಬಿಲ್ಲೆ ನೇತಾಡುತ್ತಿತ್ತು. ಆಮೇಲೆ ಆ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ನಾನು ಸೇರಿದ ಕಾಲಕ್ಕೆ ಸಸಿಯ ಕುಂಡವನ್ನೇ ಮರದ ಟೊಂಗೆಗೆ ಕಟ್ಟಿ, ಎರಡನ್ನೂ ಬೆಸೆದು, ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಮರ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಆಮೇಲೆ ಕಡ್ಡಿ ತಂದು ಎಳೆ ಸಸಿಯ ಕಾಂಡ ಸೀಳಿ ಕಟ್ಟುವ ಪದ್ಧತಿ ಬಂತು. ಕೆಲಸ ಚುರುಕಾಯಿತು, ತಪ್ಪುವುದೂ ಸುಲಭವಾಯಿತು. ಈ ಪದ್ಧತಿಯಲ್ಲಿ ಎರಡು ಸಲ ಮರದ ಹತ್ತಿರ ಹೋಗಬೇಕು. ಮೊದಲ ಸಲ ಹೋಗಿ ಆರಿಸಿದ ಕಡ್ಡಿಯ ಎಲೆಗಳನ್ನು ತೊಟ್ಟು ಬಿಟ್ಟು ಸವರಿ ಬರಬೇಕು. ವಾರ ಕಳೆದು ಆ ತೊಟ್ಟುಗಳು ಉದುರಿ, ಕುಡಿ ಉಬ್ಬಿದಾಗ ಹೋಗಿ ಕತ್ತರಿಸಬೇಕು. ವಜ್ರಳ್ಳಿಯಲ್ಲಿ ನಾನು ಎಲೆ ಸವರಿ ಬಂದೆ. ಕತ್ತರಿಸುವ ದಿನ ನನಗೆ ಜ್ವರ. ಇನ್ನೊಬ್ಬರನ್ನು ಮರದ ಹೆಸರು ಹೇಳಿ ಕಳಿಸಿದೆ. ಅದೇ ಊರಿನಲ್ಲಿ ಅದೇ ಹೆಸರಿನ ಮರ ಇನ್ನೊಂದಿದೆ ಎಂದು ನನಗೇನು ಗೊತ್ತು? ಆ ಮರದ ತಗ್ಗಿನ ಟೊಂಗೆಯ ಎಲೆಯನ್ನು ದನ ಮೇಯ್ದಿದ್ದವಂತೆ, ಇವರು ನಾನೇ ಸವರಿದ್ದು ಎಂದುಕೊಂಡು ಕತ್ತರಿಸಿ ತಂದರು. ಗಿಡ ಫಲ ಕೊಟ್ಟ ವರ್ಷ ಅದನ್ನು ಕೊಂಡವರು ಉಪ್ಪಿನಕಾಯಿ ಭರಣಿಯನ್ನೇ ಹೊತ್ತು ತಂದು ಸಾಹೇಬರ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಮಿಡಿಯೆಲ್ಲ ಕರಗಿ ಗೊಜ್ಜಾಗಿತ್ತು. "ಇದನ್ನ ನೀವೇ ಉಣ್ರಿ," ಎಂದು ಹೇಳಿ ಭರಣಿ ಅಲ್ಲೇ ಬಿಟ್ಟು ಹೋದರು. ಆ ವಾಸನೆ ಕಚೇರಿಯಲ್ಲಿ ಬಹಳ ದಿನ ಇತ್ತು.

ಇದೇ ಸಾಹೇಬರ ಕಾಲದಲ್ಲಿ ಯಲ್ಲಾಪುರ ತಾಲೂಕಿನ ಚಂದಗುಳಿ ಕಡೆಯ ಲಕ್ಷ್ಮಿ ನಮ್ಮಲ್ಲಿ ದಿನಗೂಲಿಗೆ ಬರುತ್ತಿದ್ದಳು. ಸಿದ್ದಿ ಜನಾಂಗದವಳು, ಕೆಲಸದಲ್ಲೂ ಮಾತಿನಲ್ಲೂ ಚುರುಕು. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು ಎಂದು ಸಾಹೇಬರಿಗೆ ಯಾರೋ ಹೇಳಿದ್ದರು. ಒಂದು ದಿನ ಅವಳನ್ನು ಕರೆದು, ಬಹಳ ಆಸೆಯಿಂದ, "ನಿಮ್ಮ ಆಫ್ರಿಕಾ ಭಾಷೆಯಲ್ಲಿ ಮಾವಿಗೆ ಏನಂತೀರಮ್ಮಾ?" ಎಂದು ಕೇಳಿದರು.

"ಆಂಬೊ ಅಂತೀವಿ ಸಾಹೇಬ್ರೇ," ಎಂದಳು ಲಕ್ಷ್ಮಿ.

ಸಾಹೇಬರು ಖುಷಿಯಿಂದ ಜೇಬಿನ ಪೆನ್ನು ತೆಗೆದರು. ನನಗೂ ಆಹಾ ಎನಿಸಿತು. ಅಷ್ಟರಲ್ಲಿ ಜೀಪಿನ ಡ್ರೈವರು ಬಿದ್ದು ಬಿದ್ದು ನಗತೊಡಗಿದ. ಆಂಬೊ ಎಂದರೆ ಕೊಂಕಣಿ, ಅವನ ಮನೆಯಲ್ಲೂ ಅದೇ ಮಾತು. ಲಕ್ಷ್ಮಿಯೂ ನಕ್ಕಳು. "ನಮ್ಮ ಅಜ್ಜನ ಅಜ್ಜಂದಿರು ಏನಂತಿದ್ರೋ ನಮಗೆ ಹೆಂಗೆ ಗೊತ್ತಾಗ್ಬೇಕು ಸಾಹೇಬ್ರೇ? ನಮ್ಮನೆ ಅಂಗಳದ ಮರದ ಹೆಸರು ಬೇಕಾದ್ರೆ ಕೇಳಿ, ಹೇಳ್ತೀನಿ. ಅದು ಪಾರ್ವತಕ್ಕನ ಅಪ್ಪೆ." ಸಾಹೇಬರು ಪೆನ್ನು ಜೇಬಿಗೆ ಹಾಕಿಕೊಂಡರು. ಪಾರ್ವತಕ್ಕ ಯಾರು ಎಂದು ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ, ಯಲ್ಲಾಪುರದ ಯಾರೋ ಇರಬೇಕು ಎಂದುಕೊಂಡೆ.

ಸಾಹೇಬರ ಜೊತೆ ಹೋಗಿ ಬರಿಗೈಯಲ್ಲಿ ಬಂದದ್ದೂ ಒಂದಿದೆ. ಸೋಂದಾ ಕಡೆಯ ಒಂದು ಹಳ್ಳಿಯಲ್ಲಿ ತಿಮ್ಮಜ್ಜ ಎಂಬ ಹಿರಿಯರ ಮನೆ. ಅವರ ಹಳ್ಳದ ದಂಡೆಯ ಅಪ್ಪೆಗೆ ಮೂರು ತಾಲೂಕಿನಲ್ಲಿ ಹೆಸರು. ಅದರ ಉಪ್ಪಿನಕಾಯಿ ಎಷ್ಟು ವರ್ಷ ಇಟ್ಟರೂ ಮಿಡಿ ಕಟುಮ್ ಎನ್ನುತ್ತದೆ ಎಂದು ಉಂಡವರು ಹೇಳುತ್ತಿದ್ದರು. ಆದರೆ ಆ ಮರದ ಒಂದು ಕಡ್ಡಿಯೂ ಹೊರಗೆ ಹೋಗಬಾರದು ಎಂಬುದು ತಿಮ್ಮಜ್ಜನ ಹಟ. ನಾವು ಹೋದಾಗ ಜಗಲಿಯಲ್ಲಿ ಕೂರಿಸಿ, ಸೊಸೆಯ ಕೈಯಲ್ಲಿ ಅಪ್ಪೆ ಮಿಡಿ ಬೇಯಿಸಿ ಮಾಡುವ ತೆಳು ಸಾರು, ಅಪ್ಪೆಹುಳಿ, ದೊಡ್ಡ ಲೋಟದ ತುಂಬ ತರಿಸಿ ಕೊಟ್ಟರು. "ಕುಡೀರಿ, ಬೇಕಾದ್ರೆ ಇನ್ನೊಂದು ಲೋಟ ಕುಡೀರಿ. ಕಡ್ಡಿ ಮಾತ್ರ ಕೇಳಬೇಡಿ," ಎಂದರು. ಸಾಹೇಬರು ಸರ್ಕಾರ, ತಳಿ ಸಂರಕ್ಷಣೆ ಎಂದೇನೇನೋ ಹೇಳಿದರು. ಅಜ್ಜ ಎಲೆಯಡಿಕೆಯ ಕವಳ ಹಾಕಿಕೊಂಡು ಬೇರೆ ಕಡೆ ನೋಡಿದರು. ಅಪ್ಪೆಹುಳಿಯಂತೂ ಅಮೃತ. ಅದನ್ನು ತಂದುಕೊಟ್ಟ ಸೊಸೆ ಬಾಗಿಲ ಹಿಂದೆ ನಿಂತಿದ್ದರು, ಅಷ್ಟೇ ನೆನಪು.

ಆ ಸೊಸೆಯೇ ನನ್ನ ಕೊನೆಯ ವರ್ಷ ನರ್ಸರಿಗೆ ಬಂದ ಅಜ್ಜಿ. ತಿಮ್ಮಜ್ಜ ತೀರಿಹೋಗಿ ಬಹಳ ವರ್ಷವಾಗಿತ್ತು. ಅಜ್ಜಿಯ ಮಗ ಶ್ರೀಧರಣ್ಣ, ಅವರ ಹೆಂಡತಿ ಸುಮತಿ ಇಬ್ಬರೂ ಜೊತೆಗೆ ಬಂದಿದ್ದರು. ಆಷಾಢದಲ್ಲಿ ಹಳ್ಳದ ದಂಡೆ ಕುಸಿದು ಮರ ಬುಡಮೇಲಾಗಿತ್ತು. ಕಡ್ಡಿ ತೆಗೆದು ಕಸಿ ಕಟ್ಟಬೇಕೆಂದು ಯಾರಿಗಾದರೂ ಹೊಳೆಯುವ ಹೊತ್ತಿಗೆ ಎಲ್ಲ ಒಣಗಿತ್ತು.

"ಬೀಜ ಹಾಕಿದ್ರೆ ಅದೇ ಬರೂದಿಲ್ಲಂತೆ ಹೌದಾ ಬಸಣ್ಣ?" ಎಂದರು ಅಜ್ಜಿ.

"ಬರೂದಿಲ್ರೀ ಅಮ್ಮಾ. ಹುಳಿ ಬರಬಹುದು, ಅದೇ ಹುಳಿ ಬರೂದಿಲ್ಲ."

"ಹಾಗಾದ್ರೆ ಎಲ್ಲಾದ್ರೂ ಅದರ ಕಸಿ ಇದ್ದರೆ ಹುಡುಕಿಕೊಡು. ಈ ಮನೆಗೆ ಬಂದ ಮೇಲೆ ನಂದು ಅಂತ ಇದ್ದಿದ್ದು ಆ ಮರ ಒಂದೇ. ಅದರ ಮಿಡಿ ಕೊಯ್ಸಿ, ಆರಿಸಿ, ಉಪ್ಪು ಹಾಕಿ, ವರ್ಷಾ ವರ್ಷಾ ಮಾಡಿದ್ದೀನಿ. ಊರವರು ಹೊಗಳಿದ್ರೆ ನಮ್ಮ ಮಾವನನ್ನ ಹೊಗಳ್ತಿದ್ರು, ಅಡ್ಡಿಲ್ಲೆ. ನಾ ಹೋಗೂದರೊಳಗೆ ಆ ಜಾಗದಲ್ಲಿ ಅದನ್ನೇ ನೆಟ್ಟು ನೋಡಬೇಕು."

ಆ ಮಾತು ಕೇಳಿ ನನಗೆ ಸಂಕಟವಾಯಿತು. "ಯಾರಿಗಾದ್ರೂ ಒಂದು ಕಡ್ಡಿ ಹೋಗಿದ್ದು ನೆನಪೈತೇನ್ರೀ?" ಎಂದೆ. ಶ್ರೀಧರಣ್ಣನೇ ಉತ್ತರಿಸಿದರು: "ಛೆ, ಅಜ್ಜ ಬಿಡ್ತಿದ್ದನಾ? ಒಂದು ಎಲೆನೂ ಹೋಗಿಲ್ಲ." ಅಜ್ಜಿ ಸೆರಗು ಸರಿಮಾಡಿಕೊಂಡರು. ಎಲ್ಲೂ ಹೋಗದ ಮರದ ಮಗಳನ್ನು ಎಲ್ಲಿ ಹುಡುಕುವುದು? ಆದರೂ ಮಿಡಿ ಬರುವ ಕಾಲಕ್ಕೆ ನೋಡೋಣ ಎಂದು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆನೋ ತಿಳಿಯದು. ಆ ಅಪ್ಪೆಹುಳಿಯ ಋಣ ಇರಬೇಕು.

ಶಿವರಾತ್ರಿ ಕಳೆದದ್ದೇ ಹುಡುಕಾಟ ಶುರುವಾಯಿತು. ವಿಚಿತ್ರ ನೋಡಿ, ಒಂದು ಕಡ್ಡಿಯೂ ಹೊರಗೆ ಹೋಗದ ತಿಮ್ಮಜ್ಜನ ಅಪ್ಪೆ ಸಿದ್ದಾಪುರದಲ್ಲಿ ಕೇಳಿದಲ್ಲೆಲ್ಲ ಇತ್ತು! "ಇದೇ ಸ್ವಾಮಿ, ಅಪ್ಪಟ ತಿಮ್ಮಜ್ಜನ ಅಪ್ಪೆ," ಎಂದು ಒಬ್ಬರು ತೋರಿಸಿದ್ದು ಉದ್ದ ಮಿಡಿ. ಅವರ ತಮ್ಮನ ಮನೆಯಲ್ಲಿ ಅದೇ ಹೆಸರಿನದು ದುಂಡು ಮಿಡಿ. ಇನ್ನೊಬ್ಬರು, "ಅವರಿಬ್ಬರದೂ ಸುಳ್ಳು, ನಮ್ಮದು ತಿಮ್ಮಜ್ಜನೇ ಕೈಯಾರೆ ಕೊಟ್ಟಿದ್ದು," ಎಂದು ಆಣೆ ಮಾಡಿದರು. ಯಾರಿಗೂ ಸಿಗದ ಮರ ಎಂಬ ಕೀರ್ತಿಗೇ ಎಲ್ಲರೂ ತಮ್ಮ ಮರಕ್ಕೆ ಆ ಹೆಸರಿಟ್ಟುಕೊಂಡಿದ್ದರು. ಯಾರ ಮೇಲೆ ಸಿಟ್ಟು ಮಾಡಲಿ? ಅವರೆಲ್ಲ ಮನಸಾರೆ ನಂಬಿದ್ದರು. ನನ್ನ ಮೂಗಿನ ಮೇಲೆ ನನಗೆ ನಂಬಿಕೆ ಹೋಯಿತು. ದಿನವಿಡೀ ತೊಟ್ಟು ಮುರಿದು ಮೂಸಿ, ಸಂಜೆ ಮನೆಗೆ ಬಂದರೆ ಹೆಂಡತಿ ಕೊಟ್ಟ ಚಹಾವೂ ಸೊನೆಯ ವಾಸನೆ ಹೊಡೆಯುತ್ತಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದು ಅಜ್ಜಿಗೆ ಕಳಿಸಿದರೆ, "ಫೋಟೋ ಮೂಸೂಲೆ ಬರ್ತಾ?" ಎಂದು ಅವರು ಸುಮತಿಯ ಫೋನಿನಲ್ಲಿ ಗದರಿಸಿದರು. ಅದೂ ನಿಜವೇ.

ಕೊನೆಗೆ ಎಲ್ಲ ಮರದಿಂದ ಒಂದೊಂದು ಹಿಡಿ ಮಿಡಿ ತಂದು, ಬೇರೆ ಬೇರೆ ಪೊಟ್ಟಣ ಕಟ್ಟಿ, ಅಜ್ಜಿಯ ಮುಂದೆ ಇಡುವುದೆಂದು ತೀರ್ಮಾನಿಸಿದೆ. ಸಿದ್ದಾಪುರದ್ದು ಮುಗಿಸಿ ಯಲ್ಲಾಪುರಕ್ಕೂ ಹೋದೆ. ಅಲ್ಲಿ ಲಕ್ಷ್ಮಿ ಸಿಕ್ಕಳು. ಈಗ ಅವಳಿಗೂ ಮೊಮ್ಮಕ್ಕಳು. "ತಿಮ್ಮಜ್ಜನ ಅಪ್ಪೆ ನಿಮ್ಮ ಕಡೆ ಯಾರ ಹತ್ರ ಐತೆ?" ಎಂದು ಕೇಳಿದೆ. "ಆ ಹೆಸರು ಕೇಳೇ ಇಲ್ಲ ಬಸಣ್ಣ," ಎಂದಳು. ಹೊರಡುವಾಗ, "ಮನೇಲಿ ಅಕ್ಕಂಗೆ ಅಪ್ಪೆಹುಳಿ ಮಾಡಾಕೆ ಕೊಡಿ," ಎಂದು ಅಂಗಳದ ಮರದ ಒಂದಷ್ಟು ಮಿಡಿಯನ್ನು ನನ್ನ ಊಟದ ಚೀಲಕ್ಕೆ ತುರುಕಿದಳು.

ಮರುದಿನ ಬೆಳಿಗ್ಗೆ ಆ ಚೀಲದ ಸಮೇತ ಸೋಂದಾ ಕಡೆ ಹೋದೆ. ಜಗಲಿಯಲ್ಲಿ ಪೊಟ್ಟಣ ಬಿಚ್ಚಿ ಸಾಲಾಗಿ ಇಟ್ಟೆ. ಶ್ರೀಧರಣ್ಣ, ಸುಮತಿ ಎದುರಿಗೆ ಕೂತರು. ಅಜ್ಜಿ ಒಂದೊಂದೇ ತೊಟ್ಟು ಮುರಿದು ಮೂಗಿಗೆ ಹಿಡಿದರು.

"ಇದಲ್ಲ." ಅದು ಸಿದ್ದಾಪುರದ ಅಪ್ಪಟ.

"ಇದೂ ಅಲ್ಲ. ಇದಕ್ಕೆ ಮಾವನ ಹೆಸ್ರು ಇಟ್ಟವು ಯಾರು?"

ಒಂದಾದ ಮೇಲೊಂದು ಪೊಟ್ಟಣ ಬದಿಗೆ ಸರಿಯಿತು. ಅವರ ಕೈ ನಿಧಾನವಾಗುತ್ತ ಬಂತು. ಕೊನೆಯದನ್ನೂ ಇಟ್ಟು, ಸೊನೆ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಅಯ್ಯೋ, ಆ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷದ ಸರ್ವಿಸ್ ಮಾಡಿ ಒಬ್ಬ ಮುದುಕಿಗೆ ಒಂದು ಗಿಡ ಹುಡುಕಿಕೊಡಲಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಪೊಟ್ಟಣಗಳನ್ನು ಒಟ್ಟುಮಾಡಿ ಎದ್ದೆ.

"ತಡೆ," ಎಂದರು ಅಜ್ಜಿ. "ಆ ಚೀಲದಲ್ಲಿ ಎಂತ ಇದ್ದು?"

"ಇದಾ? ಇದು ಮನೀಗೆ ಕೊಟ್ಟಿದ್ದು ಬಿಡ್ರೀ. ಯಲ್ಲಾಪುರದ ಮಿಡಿ, ಇದಕ್ಕೂ ನಿಮಗೂ ಸಂಬಂಧ ಇಲ್ಲ."

"ತೆಗಿ."

ಒಂದು ಮಿಡಿ ತೆಗೆದು ಕೊಟ್ಟೆ. ತೊಟ್ಟು ಮುರಿದರು. ಆ ಕೈ ಮೂಗಿನ ಹತ್ತಿರವೇ ನಿಂತುಬಿಟ್ಟಿತು. "ಇದಕ್ಕೆ ಅಲ್ಲಿ ಎಂತ ಹೇಳ್ತ?" ಎಂದು ಕೇಳಿದರು.

"ಪಾರ್ವತಕ್ಕನ ಅಪ್ಪೆ ಅಂತಾರ್ರೀ."

"ಯಾವ ಪಾರ್ವತಕ್ಕ?" ಎಂದರು ಸುಮತಿ. "ಯಲ್ಲಾಪುರ ಕಡೆ ನಮಗೆ ಆ ಹೆಸರಿನವರು ಯಾರೂ ಇಲ್ಲವಲ್ಲ." ಶ್ರೀಧರಣ್ಣನೂ ಮೇಲೆ ಮಾಡಿನ ಹಂಚು ನೋಡುತ್ತ ನೆಂಟರನ್ನೆಲ್ಲ ನೆನೆಸಿಕೊಂಡರು. ನಾನು ಎಂದಿನಂತೆ ಗೊಂದಲದಲ್ಲಿದ್ದೆ.

ಅಜ್ಜಿ ನನ್ನಂಥ ಹೊರಗಿನವರ ಹತ್ತಿರ ಬೇರೆ ಕನ್ನಡ ಆಡುತ್ತಿದ್ದರು. ಈಗ ಅದು ಪೂರ್ತಿ ಬಿಟ್ಟುಹೋಯಿತು. "ಅದು ಆನು," ಎಂದರು.

ಅವರ ಮನೆಮಾತಿನಲ್ಲಿ ಆನು ಅಂದರೆ ನಾನು. ಸುಮತಿ ಆಮೇಲೆ ನನ್ನ ಹತ್ತಿರ, "ರೇಶನ್ ಕಾರ್ಡಿನಲ್ಲಿ ಅವರ ಹೆಸರು ಎಷ್ಟೋ ಸಲ ನೋಡಿದ್ದೇನೆ ಬಸಣ್ಣ, ಆದರೂ ಹೊಳೆಯಲಿಲ್ಲ," ಎಂದು ಕಣ್ಣೊರೆಸಿಕೊಂಡರು. ಹೊಳೆಯುವುದು ಹೇಗೆ? ಆ ಮನೆಯಲ್ಲಿ ಅವರು ಮೊದಲು ಸೊಸೆ, ಆಮೇಲೆ ಆಯಿ, ಈಗ ಅಮ್ಮಮ್ಮ. ನಾನೂ ಇಷ್ಟು ತಿಂಗಳು ಅಮ್ಮಾ ಎಂದೇ ಕರೆದಿದ್ದೆ. ಕಡ್ಡಿ ಕೊಟ್ಟವರ ಹೆಸರು ಮರಕ್ಕೆ ಬರುತ್ತದೆ ಎಂದು ಗೊತ್ತಿದ್ದೂ, ಕೊಡುವವರು ಯಜಮಾನರೇ ಎಂದುಕೊಂಡು ಮೂರು ತಾಲೂಕು ಸುತ್ತಿದ್ದೆ.

"ಅಡಿಕೆ ಸುಲಿಯೂಲೆ ಬಂದಿತ್ತು ಅದು," ಎಂದು ಅಜ್ಜಿ ಹೇಳತೊಡಗಿದರು. ಅದು ಎಂದರೆ ಲಕ್ಷ್ಮಿಯ ತಾಯಿ, ಅವರ ಮಾತಿನಲ್ಲಿ ಹೆಂಗಸಿಗೆ ಹಾಗೇ ಅನ್ನುವುದು. "ಬಸರಿ. ಹುಳಿ ತಿನ್ನ ಆಸೆ. ಮಾವ ಇಲ್ಲದಾಗ ಮಿಡಿ ಕೊಟ್ಟಿದ್ದಿ. ಊರಿಗೆ ಹೋಪ ದಿನ ಒಂದು ಕಡ್ಡಿ ಕೊಡಿ ಅಮ್ಮಾ ಅಂತು. ಇಲ್ಲೆ ಹೇಳ್ಲೆ ಮನಸು ಆಜಿಲ್ಲೆ. ಬಾಳೆ ಪಟ್ಟೇಲಿ ಸುತ್ತಿ ಕೊಟ್ಟಿದ್ದಿ. ಆಗ ಕೇಳ್ತು, ನಿಮ್ಮ ಹೆಸರೆಂತ ಹೇಳಿ. ಈ ಮನೇಲಿ ನನ್ನ ಹೆಸ್ರು ಕೇಳಿದ್ದು ಅದೊಂದೇಯ. ದಾರಿಲೇ ಒಣಗಿಹೋತು ಅಂದ್ಕಂಡಿದ್ದಿ."

"ಒಂದು ಮಾತು ಹೇಳಬಹುದಿತ್ತು ಆಯಿ," ಎಂದರು ಶ್ರೀಧರಣ್ಣ.

"ಯಾರಿಗೆ ಹೇಳೂದು?" ಎಂದರು ಅಜ್ಜಿ, ಸಿಟ್ಟೇನೂ ಇಲ್ಲದೆ.

ಆ ಕಡ್ಡಿ ಹೇಗೆ ಬದುಕಿತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮ ನರ್ಸರಿಯಲ್ಲೇ ಆಗ ಹಾಗೆ ಕಟ್ಟುವ ಪದ್ಧತಿ ಇರಲಿಲ್ಲ. ಲಕ್ಷ್ಮಿಯ ಅಪ್ಪ ಯಾವುದೋ ಬಂಗಲೆಯಲ್ಲಿ ಗುಲಾಬಿಗೆ ಕಸಿ ಕಟ್ಟುತ್ತಿದ್ದನಂತೆ, ಅದೇ ಕೈಯಲ್ಲಿ ಇದನ್ನೂ ಕಟ್ಟಿರಬೇಕು.

ಮಳೆ ಹಿಡಿಯುವ ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ಆದರೂ ಈ ಕಸಿ ನಾನೇ ಕಟ್ಟುತ್ತೇನೆಂದು ಹೇಳಿ, ಮೊದಲ ಸಲ ಎಲೆ ಸವರಲು ಚಂದಗುಳಿ ಕಡೆ ಹೊರಟೆ. ಅಜ್ಜಿ ತಾನೂ ಬರುತ್ತೇನೆಂದು ಹಟ ಹಿಡಿದರು. ಶ್ರೀಧರಣ್ಣ ಕಾರಿನಲ್ಲಿ ಕರೆತಂದರು. ಲಕ್ಷ್ಮಿಗೆ ನಾನು ಫೋನಿನಲ್ಲಿ ಕಡ್ಡಿ ಬೇಕು ಎಂದಿದ್ದೆ, ಯಾರಿಗೆ ಎಂದು ಹೇಳಿರಲಿಲ್ಲ. ಹೇಳಬೇಡ ಎಂದು ಅಜ್ಜಿಯೇ ತಡೆದಿದ್ದರು.

ಲಕ್ಷ್ಮಿ ಬಾಗಿಲ ಮುಂದೆ ಕುರ್ಚಿ ಹಾಕಿದಳು. ಅಜ್ಜಿ ಕೂರಲಿಲ್ಲ. ಮರದ ಬುಡಕ್ಕೆ ಹೋಗಿ ಕಾಂಡದ ಮೇಲೆ ಕೈಯಿಟ್ಟು ನಿಂತರು. ನಾನು ಏಣಿ ಹತ್ತಿ ಎಲೆ ಸವರತೊಡಗಿದೆ.

"ಒಳ್ಳೆ ಮರ. ಎಂತ ಹೆಸರು ಇದಕ್ಕೆ?" ಎಂದು ಕೆಳಗಿನಿಂದ ಅಜ್ಜಿಯ ದನಿ.

"ಪಾರ್ವತಕ್ಕನ ಅಪ್ಪೆ ಅಮ್ಮಾ," ಎಂದಳು ಲಕ್ಷ್ಮಿ. "ನಾನು ನಮ್ಮಾಯಿ ಹೊಟ್ಟೇಲಿದ್ದಾಗ ಯಾರೋ ಪುಣ್ಯಾತ್ಗಿತ್ತಿ ಕೊಟ್ಟಿದ್ದಂತೆ. ಆಯಿ ಸಾಯೋ ತನಕ ಮೊದಲ ಮಿಡಿ ಕೊಯ್ಯುವಾಗ ಆ ಹೆಸರು ಹೇಳೇ ಕೊಯ್ತಿದ್ಲು. ನಾವೂ ಹಾಗೇ ಮಾಡ್ತೀವಿ."

"ಎಂತ ಹೆಸರು ಅಂದೆ?"

"ಪಾರ್ವತಕ್ಕ."

ನಾನು ಇನ್ನೊಂದು ಕಡ್ಡಿಯ ಎಲೆ ಸವರಿದೆ. ಆಮೇಲೆ ಅಜ್ಜಿ ಮತ್ತೆ, "ಎಂತ ಅಂದೆ?" ಎಂದರು.

ಲಕ್ಷ್ಮಿ ತಲೆಯೆತ್ತಿ ನನ್ನ ಕಡೆ ನೋಡಿ, ಕಿವಿ ಮಂದವೇನೋ ಎಂಬಂತೆ ಕೈಸನ್ನೆ ಮಾಡಿದಳು. ಅಜ್ಜಿಯ ಕಿವಿ ಚೆನ್ನಾಗಿಯೇ ಇತ್ತು. ಹೇಳಲೋ ಬೇಡವೋ ತಿಳಿಯದೆ ನಾನು ಏಣಿಯ ಮೇಲೆ ಕತ್ತರಿ ಹಿಡಿದೇ ನಿಂತೆ. ಲಕ್ಷ್ಮಿ ತಿರುಗಿ ಅಜ್ಜಿಯನ್ನು ನೋಡಿದಳು. ಕಾಂಡದ ಮೇಲಿದ್ದ ಆ ಕೈಯನ್ನು ನೋಡಿದಳು. ಕಾರಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದ ಮಗನನ್ನು ನೋಡಿದಳು. ಹತ್ತಿರ ಹೋದಳು.

"ಪಾರ್ವತಕ್ಕಾ," ಎಂದಳು. ಈ ಸಲ ಅದು ಮರದ ಹೆಸರಾಗಿರಲಿಲ್ಲ.

"ಓ," ಎಂದರು ಅಜ್ಜಿ.